ಡಿಕ್ಕಿಯೊಳಗಿನ ಗೋಣಿಚೀಲ

ಪಂಚಮಿಯ ಉಂಡಿ ಬುಟ್ಟಿ ಕಾರಿನ ಡಿಕ್ಕಿಯಲ್ಲೇ ಹೋಗಬೇಕು ಎಂಬುದು ನಮ್ಮ ಮನೆಯವರ ಹಠ. ಹಿಂದಿನ ಸೀಟು ಖಾಲಿ ಇರುತ್ತದಲ್ಲ, ಅಲ್ಲಿಡೋಣ ಎಂದು ಮೊದಲಿನಿಂದಲೂ ಹೇಳುತ್ತ ಬಂದಿದ್ದೇನೆ. ಬ್ರೇಕ್ ಹಾಕಿದರೆ ಉಂಡಿ ಉರುಳುತ್ತವೆ, ಡಿಕ್ಕಿಯಲ್ಲಾದರೆ ಬುಟ್ಟಿ ಸ್ಟೆಪ್ನಿಗೆ ಆತು ಗಟ್ಟಿಯಾಗಿ ಕೂಡುತ್ತದೆ ಎಂಬುದು ಇವರ ವಾದ. ಹಾಗಾದರೆ ಸ್ಟೀಲಿನ ಡಬ್ಬಿಯಲ್ಲಾದರೂ ಹಾಕೋಣ ಎಂದರೆ ಅದೂ ಆಗದು. ಅಕ್ಕನ ಮನೆಗೆ ಉಂಡಿ ಹೋಗುವುದು ಬಿದಿರಿನ ಬುಟ್ಟಿಯಲ್ಲಿ, ಮೇಲೊಂದು ಹೊಸ ರವಿಕೆಯ ಖಣ ಹೊದಿಸಿ. ತನ್ನ ಅವ್ವ ಹಾಗೆ ಕಳಿಸುತ್ತಿದ್ದಳು, ಹಾಗೇ ಹೋಗಬೇಕು ಎನ್ನುತ್ತಾರೆ. ಶೇಂಗಾ ಹುರಿದು, ಬೆಲ್ಲ ಕುಟ್ಟಿ, ಉಂಡಿ ಕಟ್ಟಿ ಅಂಗೈ ಕೆಂಪು ಮಾಡಿಕೊಳ್ಳುವವಳು ನಾನು. ಅವು ಯಾವುದರಲ್ಲಿ ಹೋಗಬೇಕೆಂದು ಹೇಳುವವರು ಇವರು.

ನಮ್ಮ ಕಡೆ ನಾಗರಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆದುಕೊಂಡು ಬರಬೇಕು. ಬರಲಾಗದವರಿಗೆ ಉಂಡಿಯನ್ನಾದರೂ ಮುಟ್ಟಿಸಬೇಕು. ಇವರಿಗಿರುವುದು ಒಬ್ಬರೇ ಅಕ್ಕ, ಇಂದಾಪುರದಲ್ಲಿ. ಕಬ್ಬಿನ ಹೊಲ, ದನಕರು, ತುಂಬಿದ ಮನೆ. ಅಕ್ಕನ ಅತ್ತೆ ಹಾಸಿಗೆ ಹಿಡಿದಾಗ ಅಕ್ಕ ಪಂಚಮಿಗೆ ಬರುವುದು ನಿಂತಿತು, ನಾವು ಉಂಡಿ ಒಯ್ಯುವುದು ಶುರುವಾಯಿತು. ಆ ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದವು. ಬೆಳಿಗ್ಗೆ ನಿಗಡಿಯ ನಮ್ಮ ಮನೆ ಬಿಟ್ಟು, ಇಂದಾಪುರದಲ್ಲಿ ಬುಟ್ಟಿ ಇಳಿಸಿ, ಊಟ ಮಾಡಿ, ಸಂಜೆಯ ಒಳಗೆ ಹೊರಳುವ ನಮ್ಮ ರೂಢಿ ಹಾಗೇ ಉಳಿಯಿತು.

ಕಾರು ನಮ್ಮ ಮಾವನವರದು. ವಿಜಯಪುರದ ಕಡೆಯಿಂದ ಬಂದು ಪಿಂಪರಿಯಲ್ಲಿ ಜೋಳ, ಕಡಲೆಯ ಅಂಗಡಿ ಹಾಕಿ, ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಕೊಂಡದ್ದು. ಮುಂಬಯಿಯಲ್ಲಿ ಒಂದು ಕಾಲಕ್ಕೆ ಕಪ್ಪು ಹಳದಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಜಾತಿಯ ಸಣ್ಣ ಕಾರು. ನಮ್ಮದು ಹಾಲು ಹೆಚ್ಚಾದ ಚಹಾದ ಬಣ್ಣದ್ದು. ಈಗ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಎತ್ತರದ ಹೊಸ ಗಾಡಿಗಳ ನಡುವೆ ಅದು ತಲೆ ತಗ್ಗಿಸಿ ಕೂತಿರುತ್ತದೆ. ಕಾರ್ಖಾನೆಯ ಆಫೀಸಿನಿಂದ ನಿವೃತ್ತರಾದ ಮೇಲೆ ಇವರು ಅದನ್ನು ದಿನಾ ಒರೆಸುತ್ತಾರೆ. ಮನೆಯ ಕಿಟಕಿ ಒರೆಸಿರೆಂದರೆ ಮಾತ್ರ ಸೊಂಟ ನೋಯುತ್ತದೆ.

ಹೋದ ವರ್ಷದ ಪಂಚಮಿಗೆ ದಾರಿಯ ಯವತ ಊರು ದಾಟಿದ್ದೇ ತಡ, ಮಳೆ ಹಿಡಿಯಿತು. ಇಂದಾಪುರ ಮುಟ್ಟಿದಾಗಲೂ ಬಿಟ್ಟಿರಲಿಲ್ಲ. ಅಕ್ಕ, ಅಕ್ಕನ ಸೊಸೆ, ಪಕ್ಕದ ಮನೆಯ ಇಬ್ಬರು ಮೂವರು ಕೊಡೆ ಹಿಡಿದು ಅಂಗಳಕ್ಕೆ ಬಂದರು. ಇವರು ಬೀಗುತ್ತ ಡಿಕ್ಕಿ ತೆಗೆದರು. ಒಳಗೆ ಕೆಂಪು ನೀರು ನಿಂತಿತ್ತು. ಬುಟ್ಟಿ ಎತ್ತಿದರೆ ತಳದಿಂದ ಬೆಲ್ಲದ ನೀರು ತೊಟ್ಟಿಕ್ಕತೊಡಗಿತು. ಮೇಲಿನ ಉಂಡಿಗಳು ಹೇಗೋ ಉಳಿದಿದ್ದವು, ಕೆಳಗಿನವು ಕರಗಿ ಮುದ್ದೆಯಾಗಿದ್ದವು. ಖಣದ ಅಂಚಿಗೆ ತುಕ್ಕಿನ ಪಟ್ಟೆ ಬಿದ್ದಿತ್ತು. ಅಕ್ಕನ ಸೊಸೆ ನಗು ತಡೆದುಕೊಂಡು, ಈಗ ಅಂಗಡಿಯಲ್ಲಿ ಎಲ್ಲ ಥರದ ಲಾಡು ಪ್ಯಾಕ್ ಆಗಿಯೇ ಸಿಗುತ್ತವಲ್ಲ ಮಾಮಾ, ಎಂದು ಮರಾಠಿಯಲ್ಲಿ ಅಂದಳು. ಕೆಟ್ಟ ಹುಡುಗಿಯಲ್ಲ, ಬಾಯಿಗೆ ಬಂದದ್ದು ಅಂದಳು. ಅಕ್ಕ ಬುಟ್ಟಿ ಒಳಗೆ ಒಯ್ದರು. ನಾವು ಹೊರಡುವಾಗ ಕಾರಿನ ಕಿಟಕಿಗೆ ಬಗ್ಗಿ ತಮ್ಮನಿಗೆ ಹೇಳಿದರು.

"ಇಷ್ಟ ದೂರ ಮಳ್ಯಾಗ ಯಾಕ ಬರ್ತೀಯೋ? ಮುಂದಿನ ವರ್ಷ ತ್ರಾಸ ತಗೋಬ್ಯಾಡ."

ಮರಳುವ ದಾರಿಯಲ್ಲಿ ಹಡಪಸರ ಬಂತು. ಅಲ್ಲಿ ಸಿಗ್ನಲ್ಲಿಗೆ ನಿಂತಾಗ, ಅಕ್ಕನಿಗೆ ತನ್ನಿಂದ ಮಂದಿಯ ಮುಂದೆ ನಾಚಿಕೆಯಾಯಿತು ಎಂದರು. ಮುಂದಿನ ಪಂಚಮಿಗೆ ಇದೇ ಕಾರಿನಲ್ಲಿ, ಇದೇ ಡಿಕ್ಕಿಯಲ್ಲಿ ಒಣ ಉಂಡಿ ಒಯ್ದು ಅಕ್ಕನ ಕೈಗೆ ಕೊಡದಿದ್ದರೆ ಆ ಮನೆಯ ಬಾಗಿಲು ತನ್ನ ಪಾಲಿಗೆ ಮುಚ್ಚಿದ ಹಾಗೆ ಎಂದರು. ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ. ಒಬ್ಬಳೇ ಅಕ್ಕ. ತಾಯಿ ಹೋದ ಮೇಲೆ ಇವರನ್ನು ಏಕವಚನದಲ್ಲಿ ಬೈಯುವವರು ಜಗತ್ತಿನಲ್ಲಿ ಅವರೊಬ್ಬರೇ ಉಳಿದಿದ್ದರು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಇವರು ಹಳೆಯ ಲುಂಗಿ ಕಟ್ಟಿ ಡಿಕ್ಕಿಯ ಮುಂದೆ ನಿಂತರು. ಕೈಯಲ್ಲಿ ಸ್ಕ್ರೂಡ್ರೈವರ್ ಇದೆ, ಆದರೆ ಕೈ ಮುಂದೆ ಹೋಗುತ್ತಿಲ್ಲ. ಕಾರಣ, ಡಿಕ್ಕಿಯ ತಳಕ್ಕೆ ಹಾಸಿದ್ದ ಗೋಣಿಚೀಲ.

ಆ ಚೀಲದ ಕಥೆ ನಾನು ಸೊಸೆಯಾಗಿ ಬಂದ ಮೊದಲ ವಾರವೇ ಕೇಳಿದ್ದೆ. ಅಕ್ಕನ ಮದುವೆಯಾದಾಗ ಅವರ ತಗಡಿನ ಟ್ರಂಕನ್ನು ಇದೇ ಡಿಕ್ಕಿಯಲ್ಲಿಟ್ಟು ಇಂದಾಪುರಕ್ಕೆ ಕಳಿಸಿದ್ದರಂತೆ. ಹೊಸ ಕಾರಿನ ಬಣ್ಣಕ್ಕೆ ಗೀರು ಬೀಳಬಾರದೆಂದು ಮಾವನವರು ಅಂಗಡಿಯಿಂದ ಒಳ್ಳೆಯದೊಂದು ಜೋಳದ ಚೀಲ ತಂದು, ಮಡಿಚಿ ಹಾಸಿದರು. ಟ್ರಂಕು ಇಳಿದ ಮೇಲೂ ತೆಗೆಯಲಿಲ್ಲ. ಮಗಳು ತವರಿಗೆ ಬರುವಾಗ ಮತ್ತೆ ಬೇಕಾಗುತ್ತದೆ, ಇರಲಿ ಎಂದರಂತೆ. ಹಾಗೆ ಅದು ಅಲ್ಲಿಯೇ ಇದ್ದುಬಿಟ್ಟಿತು. ಪ್ರತಿ ದಸರೆಯಲ್ಲಿ ಖಂಡೇಪೂಜೆಗೆ ಕಾರು ತೊಳೆದು, ಡಿಕ್ಕಿ ತೆಗೆದು, ಆ ಚೀಲಕ್ಕೂ ನೀರು ಚಿಮುಕಿಸಿ ವಿಭೂತಿ ಹಚ್ಚುವುದು, ಕಾಯಿ ಒಡೆದು ಅದರ ನೀರನ್ನು ಮೇಲೆ ಸಿಂಪಡಿಸುವುದು. ಮಾವನವರು ಹೋದ ಮೇಲೆ ಇವರು ಅಪ್ಪ ಹಾಸಿದ ಚೀಲ ಹಾಳಾಗಬಾರದೆಂದು ಅದರ ಮೇಲೊಂದು ರಬ್ಬರ್ ಮ್ಯಾಟ್ ಹಾಕಿದರು. ಬಣ್ಣ ಕಾಯಲು ಚೀಲ, ಚೀಲ ಕಾಯಲು ಮ್ಯಾಟ್. ಕೆಳಗಿನ ತಗಡನ್ನು ಯಾರೂ ನೋಡಲಿಲ್ಲ.

ಮ್ಯಾಟ್ ತೆಗೆದವಳು ನಾನು. ಇವರು ನಿಂತೇ ಇದ್ದರೆ ಇನ್ನೊಂದು ಪಂಚಮಿ ಬರುತ್ತಿತ್ತು. ಚೀಲ ಹಿಡಿದು ಎಳೆದರೆ ಹಳೆಯ ಹುಣಸೆಹಣ್ಣಿನ ಹಾಗೆ ಮೆತ್ತಗೆ ಕೈಗೆ ಬಂತು. ಅದರ ತುಂಬ ನೀರು. ಮೇಲಿನ ಮುಚ್ಚಳದ ಸುತ್ತ ಇದ್ದ ರಬ್ಬರು ಒಣಗಿ ಬಿರುಕು ಬಿಟ್ಟು, ಮಳೆ ನೀರು ವರ್ಷಗಟ್ಟಲೆ ಒಳಗಿಳಿದಿತ್ತು. ಚೀಲ ಅದನ್ನು ಕುಡಿದು, ಮ್ಯಾಟಿನ ಕೆಳಗೆ ಬೆಚ್ಚಗೆ ಇಟ್ಟುಕೊಂಡಿತ್ತು. ತಗಡಿನ ಮೇಲೆ ತುಕ್ಕು ಹಪ್ಪಳದಂತೆ ಎದ್ದಿತ್ತು. ಇವರು ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದರು. ಅದು ಕೈ ಜಾರಿ, ತಗಡನ್ನು ತೂರಿಕೊಂಡು ಹೋಗಿ ಕೆಳಗಿನ ಫರಸಿ ಕಲ್ಲಿನ ಮೇಲೆ ಠಣ್ಣೆಂದು ಬಿತ್ತು. ಕಾರಿನೊಳಗಿಂದ ಪಾರ್ಕಿಂಗಿನ ನೆಲ ಕಾಣಿಸಿತು.

"ಅಪ್ಪ ಇಷ್ಟ ಕಾಳಜಿ ಮಾಡಿದ್ದ," ಎಂದು ಇವರು ಕೆಳಗೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ. ಆದರೂ ಬಾಯಿ ಸುಮ್ಮನಿರಬೇಕಲ್ಲ, ಆ ಕಾಳಜಿಯೇ ಇದನ್ನು ತಿಂದದ್ದು ಎಂದೆ. ಚೀಲದ ಚೂರುಗಳನ್ನು ಕಸಕ್ಕೆ ಹಾಕಲು ಅವರು ಬಿಡಲಿಲ್ಲ. ಒಂದು ಮೂಲೆಯಲ್ಲಿ ಇಟ್ಟುಕೊಂಡು ಕೆಲವು ದಿನ ನೋಡಿದರು. ಆಮೇಲೆ ಅವರೇ ಒಯ್ದು ಬಾಲ್ಕನಿಯ ಕುಂಡಗಳ ಮಣ್ಣಿಗೆ ಸೇರಿಸಿದರು.

ಆಕುರ್ಡಿ ರಸ್ತೆಯ ಬದಿಗೆ ಕಾರಿನ ತಗಡು ಸರಿಪಡಿಸುವ ಡೆಂಟಿಂಗ್ ಕೆಲಸದವನೊಬ್ಬನ ಶೆಡ್ ಇದೆ. ಭಾರಿ ಮಾತುಗಾರ. ಡಿಕ್ಕಿಯೊಳಗೆ ಇಣುಕಿ, ಕಾಕಾ, ಇದನ್ನು ಗುಜರಿಗೆ ಹಾಕಿ ಒಂದು ಸ್ಕೂಟರ್ ತಗೊಳ್ಳಿ ಎಂದ. ಇವರು ಮುಖ ಕೆಂಪಗೆ ಮಾಡಿಕೊಂಡು ಎದ್ದು ಬಂದರು. ಮರುದಿನ ಮತ್ತೆ ಹೋದರು, ಬೇರೆ ಯಾರೂ ಕೈ ಹಚ್ಚಲು ಒಪ್ಪಿರಲಿಲ್ಲ. ಅವನು ಒಂದು ಷರತ್ತು ಹಾಕಿದ: ಕೆಲಸ ಮಾಡುವಾಗ ಕಾಕಾ ಬೆನ್ನ ಹಿಂದೆ ನಿಲ್ಲಬಾರದು. ಒಪ್ಪಿಕೊಂಡು ಇವರು ರಸ್ತೆಯ ಆಚೆ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಅಲ್ಲಿಂದಲೇ ಕಾವಲು ಕಾದರು. ಅವನು ಪೆಟ್ರೋಲ್ ಟ್ಯಾಂಕ್ ಇಳಿಸಿ, ಕೊಳೆತ ತಳವನ್ನು ಗಟ್ಟಿ ತಗಡು ಸಿಗುವತನಕ ಕತ್ತರಿಸಿ, ಹೊಸ ತಗಡು ಕೂಡಿಸಿ ಬೆಸುಗೆ ಹಾಕಿದ. ಕೆಲಸ ಬರೋಬ್ಬರಿ ಮಾಡಿದ. ಅವನ ಬಾಯಿಗೆ ಮಾತ್ರ ಬೆಸುಗೆ ಹಾಕುವವರು ಯಾರೂ ಸಿಕ್ಕಿಲ್ಲ.

ಉಳಿದದ್ದು ಮನೆಯಲ್ಲೇ ಆಯಿತು. ಮೂಲೆಗಳ ಸಣ್ಣ ತುಕ್ಕನ್ನು ತಂತಿ ಬ್ರಶ್ಶಿನಿಂದ ತಿಕ್ಕಿ, ಪಾಲಿಶ್ ಕಾಗದ ಉಜ್ಜಿ, ತಗಡು ಬೆಳ್ಳಗೆ ಕಂಡ ಮೇಲೆ ಕೆಂಪು ಪ್ರೈಮರ್ ಹಚ್ಚಿದೆವು. ಬೆಸುಗೆಯ ಸಂದಿಗೆಲ್ಲ ನೀರು ಇಳಿಯದಂತೆ ಲೇಪ ತುಂಬಿದೆವು. ಆಮೇಲೆ ಬಣ್ಣ. ಇವರು ಎರಡನೇ ಕೈ ಬಣ್ಣವನ್ನು ಮೊದಲನೆಯದು ಒಣಗುವ ಮೊದಲೇ ಬಳಿಯಲು ಹೋಗುತ್ತಾರೆ, ನಾನು ಬ್ರಶ್ಶು ಅಡಗಿಸಿಡುತ್ತೇನೆ. ಕೆಳಗೆ ಬಂದುಹೋಗುವವರೆಲ್ಲ ನಿಂತು ನೋಡಿ ಸಲಹೆ ಕೊಟ್ಟು ಹೋಗುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಆ ದಿನಗಳು ಬಹಳ ಹಿತವಾಗಿದ್ದವು. ನಾವಿಬ್ಬರೂ ಸೇರಿ ಒಂದು ಕೆಲಸ ಮಾಡಿ ಎಷ್ಟು ಕಾಲವಾಗಿತ್ತೋ.

ಜಗಳವಾದದ್ದು ರಬ್ಬರಿನ ಮೇಲೆ. ಡಿಕ್ಕಿಯ ಅಂಚಿಗೆ ಸುತ್ತ ಕೂಡುವ ಆ ರಬ್ಬರನ್ನು ಇವರು ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ ಮೀಟರ್ ಲೆಕ್ಕದಲ್ಲಿ ತಂದಿದ್ದರು. ಒಳಗೆ ಪೊಳ್ಳಾಗಿದ್ದು, ಮುಚ್ಚಳ ಬಿದ್ದಾಗ ಅಮುಕಿ ಕೂತು ನೀರು ತಡೆಯುವಂಥದ್ದು. ಹಳೆಯದನ್ನು ಕಿತ್ತು, ಅಂಟಿದ ಗೋಂದನ್ನು ಥಿನ್ನರ್ ಹಚ್ಚಿ ಕೆರೆದು ತೆಗೆಯಲು ನನ್ನ ಒಂದು ಒಳ್ಳೆಯ ಚಾಕು ಹಾಳಾಯಿತು. ಹೊಸದನ್ನು ಅಂಟಿಸುವಾಗ ಇವರು ನೀಟಾಗಿ ಕಾಣಲಿ ಎಂದು ಎಳೆದೆಳೆದು ಕೂಡಿಸತೊಡಗಿದರು. ನಾನು ತಡೆದೆ. ಸೀರೆಗೆ ಫಾಲ್ ಹಚ್ಚುವಾಗ ಎಳೆದು ಹೊಲಿದರೆ ಅವತ್ತಿಗೆ ಚೆಂದ, ಒಂದು ಸಲ ನೀರಿಗೆ ಬಿದ್ದು ಒಣಗಿದ ಮೇಲೆ ಅಂಚೆಲ್ಲ ಮುದುಡುತ್ತದೆ. ರಬ್ಬರೂ ಎಳೆದದ್ದನ್ನು ಮರೆಯುವುದಿಲ್ಲ, ತನ್ನ ಅಳತೆಗೆ ಹಿಂದೆ ಸರಿದು ಮೂಲೆಯಲ್ಲಿ ಬಾಯಿ ಬಿಡುತ್ತದೆ ಎಂದೆ. ಕಾರಿಗೂ ಸೀರೆಗೂ ಏನು ಸಂಬಂಧ ಎಂದು ಮೂಗು ಮುರಿದರು. ಆ ದಿನ ಅವರಂತೆಯೇ ಆಯಿತು. ಮರುದಿನ ಬೆಳಿಗ್ಗೆ ಎರಡು ತುದಿ ಕೂಡಿದ ಜಾಗದಲ್ಲಿ ಬೆರಳು ಹೋಗುವಷ್ಟು ಸಂದಿ. ನಾನು ಚಹಾ ಕೊಟ್ಟೆ. ಅದಕ್ಕಿಂತ ಹೆಚ್ಚಿನ ಮಾತು ಯಾವುದಿದೆ. ಎಲ್ಲ ಬಿಚ್ಚಿ, ಕಡಿಮೆ ಬಿದ್ದಷ್ಟು ಹೊಸದು ತಂದು, ಈ ಸಲ ನಾನು ಸಡಿಲ ಬಿಡುತ್ತ ಹೋದೆ, ಅವರು ಹಿಂದಿನಿಂದ ಒತ್ತುತ್ತ ಬಂದರು.

ಮುಚ್ಚಳ ಎಲ್ಲ ಕಡೆಗೂ ರಬ್ಬರಿಗೆ ತಾಗುತ್ತದೋ ಇಲ್ಲವೋ ನೋಡಲು ದೇವರ ಜಗಲಿಯಿಂದ ವಿಭೂತಿಯ ಗಟ್ಟಿ ತಂದೆ. ಇವರು ಹೌಹಾರಿದರು. ವರ್ಷಾ ವರ್ಷಾ ಹಚ್ಚುತ್ತೀರಲ್ಲ, ಇವತ್ತು ಸ್ವಲ್ಪ ಕೆಲಸಕ್ಕೂ ಬರಲಿ ಎಂದು ರಬ್ಬರಿನ ಉದ್ದಕ್ಕೂ ಉಜ್ಜಿದೆ. ಮುಚ್ಚಳ ಹಾಕಿ ತೆಗೆದರೆ, ತಾಗಿದಲ್ಲೆಲ್ಲ ಮುಚ್ಚಳಕ್ಕೆ ಬಿಳಿ ಗೆರೆ. ಒಂದು ಮೂಲೆಯಲ್ಲಿ ಗೆರೆ ಇರಲಿಲ್ಲ. ಕೀಲಿನ ಸ್ಕ್ರೂ ಸಡಿಲಿಸಿ ಮುಚ್ಚಳವನ್ನು ಸ್ವಲ್ಪ ಸರಿಸಿದಾಗ ಅಲ್ಲೂ ಮೂಡಿತು.

ಕೊನೆಯ ಪರೀಕ್ಷೆಗೆ ಒಬ್ಬರು ಡಿಕ್ಕಿಯೊಳಗೆ ಟಾರ್ಚ್ ಹಿಡಿದು ಕೂಡಬೇಕು, ಇನ್ನೊಬ್ಬರು ಮೇಲಿಂದ ಪೈಪಿನ ನೀರು ಬಿಡಬೇಕು. ಇವರ ಹೊಟ್ಟೆ ಡಿಕ್ಕಿಗೆ ಹಿಡಿಸುವಂಥದ್ದಲ್ಲ. ನಾನು ಮೊದಲೇ ಗಿಡ್ಡ. ಸೀರೆ ಸೊಂಟಕ್ಕೆ ಸಿಕ್ಕಿಸಿ ಒಳಗೆ ಮುದುಡಿಕೊಂಡೆ. ಮುಚ್ಚಳ ಬಿತ್ತು. ಹೊಸ ಬಣ್ಣದ ವಾಸನೆ, ತಲೆಯ ಮೇಲೆ ನೀರಿನ ಸದ್ದು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾದೀತು. ಅಷ್ಟರಲ್ಲಿ ಮೂರನೇ ಮಹಡಿಯ ಹಿರಿಯ ನೆರೆಯವರಾದ ಜೋಶಿಕಾಕು ಬಂದು, ವಹಿನಿ ಎಲ್ಲಿ, ಮನೆಯಲ್ಲಿಲ್ಲವೇ ಎಂದು ಇವರನ್ನು ಕೇಳುವುದು ಕೇಳಿಸಿತು. ಇವರು ಸಂಕೋಚದಿಂದ, ಇಲ್ಲೇ ಇದ್ದಾಳೆ ಎಂದರು. ಇಲ್ಲೇ ಎಂದರೆ ಎಲ್ಲಿ ಎಂದು ಅವರು. ನಾನು ಒಳಗಿಂದ ತಗಡು ಬಡಿದೆ. ಕಾಕುವಿನ ಚಪ್ಪಲಿಯ ಸದ್ದು ಸರಸರನೆ ಮೆಟ್ಟಿಲ ಕಡೆ ಹೋಯಿತು.

ರಬ್ಬರಿನಿಂದ ಒಂದು ಹನಿ ಬರಲಿಲ್ಲ. ಬಂದದ್ದು ಹಿಂದಿನ ದೀಪದ ಪಕ್ಕದಿಂದ, ಸೂಜಿಯಷ್ಟು ಸಣ್ಣ ಧಾರೆ. ನಾನು ಒಳಗೆ ಕೂರದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ, ಪಂಚಮಿಯ ದಿನ ಮತ್ತೆ ಬೆಲ್ಲದ ನೀರು ಸೋರುತ್ತಿತ್ತು. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ದೀಪದ ಹಿಂದೆ ಕೂಡಿಸಿದೆವು. ಮತ್ತೆ ಒಳಗೆ ಹೋದೆ, ಮತ್ತೆ ನೀರು ಬಿಟ್ಟರು. ಮುಚ್ಚಳ ತೆರೆದಾಗ ನನ್ನ ಸೀರೆ ಒಣಗೇ ಇತ್ತು. ಇವರು ಕೈ ಕೊಟ್ಟು ನನ್ನನ್ನು ಇಳಿಸಿಕೊಂಡು, ಈ ವಯಸ್ಸಿನಲ್ಲಿ ನನ್ನ ಸಲುವಾಗಿ ಡಿಕ್ಕಿಯಲ್ಲಿ ಕೂತೆಯಲ್ಲ ಎಂದರು. ನಿಮ್ಮ ಸಲುವಾಗಿ ಅಲ್ಲ, ನನ್ನ ಉಂಡಿಯ ಸಲುವಾಗಿ ಎಂದೆ. ನನ್ನ ಕಣ್ಣು ಯಾಕೋ ತುಂಬಿ ಬಂದಿತ್ತು, ತಪ್ಪನ್ನು ಬಣ್ಣದ ವಾಸನೆಯ ಮೇಲೆ ಹಾಕಿದೆ.

ಪಂಚಮಿಗೆ ಶೇಂಗಾ, ಎಳ್ಳು, ರವೆ, ಮೂರೂ ಥರದ ಉಂಡಿ ಕಟ್ಟಿದೆ. ಬುಟ್ಟಿ ಡಿಕ್ಕಿಯಲ್ಲಿ ಕೂತಿತು. ಮಳೆ ಈ ಸಲವೂ ನಮ್ಮ ಜೊತೆಗೇ ಬಂತು. ದಾರಿಯಲ್ಲಿ ನಿಲ್ಲಿಸಿ ನೋಡೋಣ ಎಂದರೆ ಇವರು ಕೇಳಲಿಲ್ಲ, ಅಕ್ಕನ ಅಂಗಳದಲ್ಲೇ ತೆಗೆಯುತ್ತೇನೆ ಎಂದರು. 

ಅಕ್ಕ ಕೊಡೆ ಹಿಡಿದು ಬಂದರು, ಹಿಂದೆ ಸೊಸೆ. ಇವರು ಡಿಕ್ಕಿ ತೆಗೆದು ಬದಿಗೆ ಸರಿದು ನಿಂತರು. ಖಣದ ಮಡಿಕೆ ಕೂಡ ಮುರಿದಿರಲಿಲ್ಲ. ಸೊಸೆ ಬುಟ್ಟಿ ಎತ್ತಿಕೊಂಡು, ವಾ ಮಾಮಾ, ಎಂದು ಮನಸ್ಸಿನಿಂದಲೇ ಅಂದಳು. ಇವರು ಅಕ್ಕನ ಮುಖವನ್ನೇ ನೋಡುತ್ತಿದ್ದರು. ಅಕ್ಕ ಬುಟ್ಟಿಯ ಕಡೆ ನೋಡಲಿಲ್ಲ. ಬಗ್ಗಿ ಡಿಕ್ಕಿಯ ತಳದ ಹೊಸ ಬಣ್ಣದ ಮೇಲೆ ಕೈ ಆಡಿಸಿದರು.

"ಅಪ್ಪ ಹಾಸಿದ್ದ ಚೀಲ ಎಲ್ಲೆದ?"

ಇವರು ಉತ್ಸಾಹದಿಂದ ಎಲ್ಲ ಹೇಳಿದರು. ಚೀಲ ನೀರು ಹಿಡಿದದ್ದು, ತಳ ಕೊಳೆತದ್ದು, ಬೆಸುಗೆ, ರಬ್ಬರು. ಅಕ್ಕ ಕೇಳಿಸಿಕೊಂಡರು. ಆಮೇಲೆ ಬಾಗಿಲ ಕಟ್ಟೆಯ ಮೇಲೆ ಕೂತರು.

"ನಾ ತವರಿಗೆ ಬರಾಂಗಿಲ್ಲ ಅಂತ ತಗದೀಯೇನೋ ತಮ್ಮಾ?"

 ಇವರು ತೊದಲುತ್ತ, ನೀನೇ ಹೋದ ವರ್ಷ ತ್ರಾಸ ತಗೋಬೇಡ ಅಂದಿದ್ದೆಯಲ್ಲ ಎಂದರು.

"ಮತ್ತೇನ ಅನ್ನಬೇಕಿತ್ತು? ವರ್ಷಾ ಬರ್ತೀ, ಉಂಡಿ ಇಳಿಸಿ ಹೊಳ್ಳಿ ಹೋಗ್ತೀ. ಉಂಡಿಗಂತ ದಾರಿ ಕಾಯ್ತೀನೇನ ನಾನು? ನಮ್ಮ ಅತ್ತಿ ಹೋದ ಮ್ಯಾಲ ಒಂದ ಸಲರೆ 'ನಡಿ ಅಕ್ಕಾ' ಅಂದೀಯೇನ?"

ಇವರು ನನ್ನ ಕಡೆ ನೋಡಿದರು. ನಾನು ಎಲ್ಲಿ ನೋಡಲಿ? ಅಕ್ಕ ಅಂದದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಒಂದು ಹನಿ ನೀರು ಇಳಿಯಬಾರದೆಂದು ಯುಗಾದಿಯಿಂದ ಶ್ರಾವಣದವರೆಗೆ ಒದ್ದಾಡಿದ್ದೆವು. ಕರೆಯಬೇಕೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮಳೆಯಲ್ಲಿ ನಿಂತಿದ್ದ ನನ್ನ ಗಂಡ ಕಟ್ಟೆಯ ಹತ್ತಿರ ಹೋಗಿ ಕೈ ಚಾಚಿದರು.

"ನಡಿ ಅಕ್ಕಾ," ಎಂದರು.

ಅಕ್ಕ ಸೊಸೆಯ ಕಡೆ ತಿರುಗಿದರು. ಅವಳು ಆಗಲೇ ಬುಟ್ಟಿ ಕಟ್ಟೆಯ ಮೇಲಿಟ್ಟು ಒಳಗೆ ಹೋಗಿದ್ದಳು. ಊಟ ಮುಗಿಯುವುದರಲ್ಲಿ ಅತ್ತೆಯ ಬ್ಯಾಗು ತುಂಬಿ, ತವರಿಗೆ ಬರಿಗೈಯಲ್ಲಿ ಹೋಗಬಾರದೆಂದು ತಮ್ಮ ಹೊಲದ ಬೆಲ್ಲದ ಒಂದು ದೊಡ್ಡ ತಗಡಿನ ಡಬ್ಬಿಯನ್ನೂ ಹೊರಗೆ ತಂದಿಟ್ಟಿದ್ದಳು. ಡಬ್ಬಿಯ ಅಂಚುಗಳು ಹರಿತವಾಗಿದ್ದವು. ಇವರು ಅದನ್ನು ಎತ್ತಿ ಡಿಕ್ಕಿಯ ತುದಿಗೆ ಆನಿಸಿದಾಗ ಅಕ್ಕ ಕೈ ಅಡ್ಡ ಹಿಡಿದರು.

"ಏನರೆ ಹಾಸೋ ಕೆಳಗ. ಹೊಸಾ ಬಣ್ಣ, ಕೆರದೀತು."

"ಕೆರದರ ಕೆರೀಲಿ ಬಿಡ ಅಕ್ಕಾ."

ಡಬ್ಬಿ ಒಳಗೆ ಸರಿಯುವಾಗ ಕರ್ರೆಂದು ಸದ್ದಾಯಿತು. ಇವರು ಬಗ್ಗಿ ನೋಡಲಿಲ್ಲ. ಮುಚ್ಚಳ ಹಾಕಿ, ಅಕ್ಕನಿಗೆ ಮುಂದಿನ ಬಾಗಿಲು ತೆಗೆದರು. ನಾನು ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ.